ಐಸ್ ಕರಗಿದ ಮೇಲೆ ಆರ್ಕ್ಟಿಕ್‌ನಲ್ಲಿ ಗಲಾಟೆ ಜಾಸ್ತಿ: ತಿಮಿಂಗಿಲಗಳಿಗೆ ನಿಜಕ್ಕೂ ಎಂತ ಆಗ್ತಾ ಉಂಟು?

ಇಂಜಿನ್‌ರೂಮ್ ಉದ್ಯಾವರ · ಜೂನ್ 14, ರಾತ್ರಿ 9:40

ರಜೆಗೆ ಊರಿಗೆ ಬಂದಿದ್ದೇನೆ. ಮಳೆ ಬಿಡ್ತಾ ಇಲ್ಲ. ಮೊನ್ನೆ ಕರೆಂಟು ಹೋದ ಹೊತ್ತಲ್ಲಿ ಅಕ್ಕನ ಮಗಳು ಕೇಳಿದಳು, "ಮಾವ, ನಿಮ್ಮ ಹಡಗಿನ ಶಬ್ದ ತಿಮಿಂಗಿಲಕ್ಕೆ ಕೇಳ್ತದಾ?" ಆರನೇ ಕ್ಲಾಸಿನ ಹುಡುಗಿ. ಕೇಳ್ತದೆ ಅಂದೆ. "ಹಾಗಾದ್ರೆ ಅದು ಮಲಗುವುದು ಹೇಗೆ?" ಅಂದಳು. ನಾನು ಕ್ಯಾಂಡಲ್ ಹುಡುಕುವ ನೆಪ ಮಾಡಿ ಎದ್ದೆ.

ಹದಿನಾಲ್ಕು ವರ್ಷದಿಂದ ಇಂಜಿನ್‌ರೂಮಲ್ಲಿ ಇರುವವನು ನಾನು. ನಮಗೆ ಶಬ್ದ ಅಂದ್ರೆ ಕಿವಿಗೆ ಮಫ್ ಹಾಕುವ ವಿಷಯ, ಅಷ್ಟೆ. ಹಡಗಿನ ಹೊರಗೆ ಅದು ಎಲ್ಲಿಗೆ ಹೋಗ್ತದೆ ಅಂತ ಯೋಚನೆ ಮಾಡಿದ್ದು ಒಂದೇ ಸಲ. ಒಂದು ಹಡಗಿನಲ್ಲಿ (ಕಂಪನಿ ಹೆಸರು ಬೇಡ) ಪ್ರೊಪೆಲ್ಲರ್‌ನ ಒಂದು ಬ್ಲೇಡಿನ ತುದಿ ಎಲ್ಲಿಗೋ ತಾಗಿ ಬಾಗಿತ್ತು. ಡ್ರೈಡಾಕ್‌ಗೆ (ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡುವ ಜಾಗ) ಹಾಕಿ ಅಂತ ಬರೆದೆವು. ಏಳು ತಿಂಗಳು ಹಾಗೇ ಓಡಿಸಿದರು. ಕ್ಯಾಬಿನ್‌ನಲ್ಲಿ ಟೀ ಕಪ್ಪು ಮೇಜಿನ ಮೇಲೆ ತಾನಾಗಿಯೇ ನಡೆಯುತ್ತಿತ್ತು. ಕೊನೆಗೆ ಡಾಕ್‌ಗೆ ಬಂದಾಗ ಕೆಳಗಿಳಿದು ಆ ಬ್ಲೇಡನ್ನು ಮುಟ್ಟಿ ನೋಡಿದೆ. ಒಳ್ಳೆ ಕಂಚಿನ ಬ್ಲೇಡು, ಅಂಚಿನ ಹತ್ತಿರ ಗೆದ್ದಲು ತಿಂದ ಮರದ ಹಾಗೆ. ಬೆರಳ ತುದಿ ಒಳಗೆ ಹೋಗುವಷ್ಟು ಗುಂಡಿಗಳು.

ಅದು ತುಕ್ಕಲ್ಲ. ಗುಳ್ಳೆ ಮಾಡಿದ ಕೆಲಸ. ಬ್ಲೇಡು ಜೋರಾಗಿ ತಿರುಗುವಾಗ ಒಂದು ಬದಿಯಲ್ಲಿ ನೀರಿನ ಒತ್ತಡ ಎಷ್ಟು ಇಳಿಯುತ್ತದೆ ಅಂದರೆ, ನೀರು ಬಿಸಿಯಾಗದೆಯೇ ಕುದಿಯುತ್ತದೆ. ಗುಳ್ಳೆ ಏಳುತ್ತವೆ. ಸ್ವಲ್ಪ ಆಚೆ ಹೋದ ಕೂಡಲೇ ಪಟ್ ಅಂತ ಒಡೆಯುತ್ತವೆ. ಲೋಹ ಕಿತ್ತು ಬರುವಷ್ಟು ಜೋರಾಗಿ. ಕ್ಯಾವಿಟೇಶನ್ ಅನ್ನುತ್ತೇವೆ. ಹಡಗು ನೀರಿಗೆ ಬಿಡುವ ಗಲಾಟೆಯಲ್ಲಿ ದೊಡ್ಡ ಪಾಲು ಇದರದ್ದೇ, ಇಂಜಿನ್ನದ್ದಲ್ಲ.

ಈಗ ಆರ್ಕ್ಟಿಕ್‌ನಲ್ಲಿ ಐಸ್ ಕಡಿಮೆಯಾಗಿ ಹಡಗು ಜಾಸ್ತಿಯಾಗಿವೆ ಅಂತ ನಮ್ಮವರೇ ಹೇಳ್ತಾರೆ. ನಾನು ಆ ಕಡೆ ಹೋದವನಲ್ಲ. ಅಲ್ಲಿಯ ತಿಮಿಂಗಿಲಗಳ ಕಥೆ ಗೊತ್ತಿದ್ದವರು ಹೇಳಿ. ಹುಡುಗಿಗೆ ಉತ್ತರ ಕೊಡಬೇಕು.

ಮಲ್ಪೆ ತಾಂಡೇಲ · ಜೂನ್ 14, ರಾತ್ರಿ 10:15

ಒಳ್ಳೆ ಪ್ರಶ್ನೆ ಕೇಳಿದ್ದಾಳೆ ಮಾರಾಯ್ರೆ. ನಾನು ಸಣ್ಣವನಿರುವಾಗ ಅಪ್ಪನ ಜೊತೆ ನಾಡದೋಣಿಯಲ್ಲಿ ಹೋಗ್ತಿದ್ದೆ. ಬಲೆ ಬಿಟ್ಟು ಕಾಯುವಾಗ ದೋಣಿಯ ತಳಕ್ಕೆ ಕಿವಿ ಇಟ್ಟು ಮಲಗುವುದು ನನ್ನ ಆಟ. ಮರದಲ್ಲಿ ಎಲ್ಲ ಕೇಳ್ತದೆ. ಟ್ರಾಲ್ ಬೋಟು ಕಣ್ಣಿಗೆ ಕಾಣುವ ಎಷ್ಟೋ ಮೊದಲು ಡುಗುಡುಗು ಬರ್ತಿತ್ತು. "ಅಪ್ಪ, ಬೋಟು ಬಂತು" ಅಂದ್ರೆ ಅಪ್ಪ ತಲೆ ಎತ್ತಿ ನೋಡಿ "ಎಲ್ಲಿ?" ಅನ್ನುವರು. ಕಾಲು ಗಂಟೆ ಬಿಟ್ಟು ಬೋಟು ಕಾಣುವುದು.

ಆಗ ಬೋಟು ಲೆಕ್ಕದವು. ಈಗ ಮಲ್ಪೆ ಬಂದರಿನಲ್ಲಿ ಕಟ್ಟಲು ಜಾಗ ಇಲ್ಲ.

ರಥಬೀದಿಯವ · ಜೂನ್ 14, ರಾತ್ರಿ 10:52

ಚರ್ಚೆ ಚೆಂದ ಉಂಟು. ಆದ್ರೆ ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಐಸ್ ಕರಗಿದರೆ ತಿಮಿಂಗಿಲಕ್ಕೆ ಒಳ್ಳೆಯದೇ ಅಲ್ವಾ? ಉಸಿರಾಡಲು ಜಾಗ, ಈಜಲು ಜಾಗ. ಶಬ್ದ ಅಂದ್ರೆ ಸಮುದ್ರದಲ್ಲಿ ಮೊದಲಿಂದಲೂ ಉಂಟು. ಅಲೆ, ಮಳೆ, ಗುಡುಗು. ನಾವು ಹಂಪನಕಟ್ಟೆ ಟ್ರಾಫಿಕ್ಕಿಗೆ ಒಗ್ಗಿಕೊಂಡಿಲ್ವಾ?

ಎಕ್ಕೂರು ಬ್ಯಾಚ್ · ಜೂನ್ 15, ಬೆಳಿಗ್ಗೆ 7:30

ಎಕ್ಕೂರಿನ ಫಿಶರೀಸ್ ಕಾಲೇಜಿನಲ್ಲಿ ಓದಿದವಳು. ಪಿಎಚ್‌ಡಿ ತಿಮಿಂಗಿಲದ ಮೇಲೆ ಅಲ್ಲ, ಆದರೂ ಹುಚ್ಚು ಬಿಟ್ಟಿಲ್ಲ.

ವರ್ಷವಿಡೀ ಆರ್ಕ್ಟಿಕ್‌ನಲ್ಲೇ ಇರುವ ತಿಮಿಂಗಿಲ ಮೂರೇ ಜಾತಿ: ಬೋಹೆಡ್, ಬೆಲುಗಾ, ನಾರ್ವಾಲ್. ಮೂರಕ್ಕೂ ಬೆನ್ನ ಮೇಲೆ ರೆಕ್ಕೆ ಇಲ್ಲ. ಐಸಿನ ಅಡಿಯಲ್ಲಿ ಬೆನ್ನು ಉಜ್ಜಿಕೊಂಡು ಹೋಗುವವಕ್ಕೆ ರೆಕ್ಕೆ ಅಡ್ಡ. ಬೋಹೆಡ್ ತಲೆಯಿಂದ ಗುದ್ದಿ ಐಸ್ ಒಡೆದು ಉಸಿರಾಡುತ್ತದೆ. ಇನ್ನೂರು ವರ್ಷ ದಾಟಿ ಬದುಕುತ್ತದೆ. 2007ರಲ್ಲಿ ಅಲಾಸ್ಕಾದಲ್ಲಿ ಒಂದು ಬೋಹೆಡ್ ಬೇಟೆಯಾದಾಗ ಅದರ ಮೈಯೊಳಗೆ 19ನೇ ಶತಮಾನದ ಕೊನೆಯ ಕಾಲದ ಹಾರ್ಪೂನ್ (ತಿಮಿಂಗಿಲ ಬೇಟೆಯ ಈಟಿ) ಚೂರು ಸಿಕ್ಕಿತ್ತು. ಅಂದರೆ ಈಗ ಬದುಕಿರುವ ಮುದಿ ಬೋಹೆಡ್‌ಗಳಲ್ಲಿ ಕೆಲವು, ಹಡಗಿನ ಇಂಜಿನ್ ಸದ್ದು ಬಲು ಅಪರೂಪವಾಗಿದ್ದ ಆರ್ಕ್ಟಿಕ್‌ನಲ್ಲಿ ಬೆಳೆದಿರಬೇಕು. ನನಗೆ ಇದನ್ನು ಓದಿದ ದಿನ ಸರಿಯಾಗಿ ನಿದ್ದೆ ಬರಲಿಲ್ಲ.

ರಥಬೀದಿ ಸರ್, ಒಗ್ಗಿಕೊಳ್ಳುವುದರ ಬಗ್ಗೆ. ನಾವು ಟ್ರಾಫಿಕ್ಕಿಗೆ ಒಗ್ಗುವುದು ಕಣ್ಣಿರುವುದರಿಂದ. ರಸ್ತೆ ದಾಟಲು ಕಿವಿ ಬೇಕೇ ಬೇಕು ಅಂತಿಲ್ಲ. ಅಲ್ಲಿ ನಾಲ್ಕು ತಿಂಗಳು ಸೂರ್ಯನೇ ಸರಿಯಾಗಿ ಇಲ್ಲ, ಮೇಲೆ ಐಸಿನ ಮುಚ್ಚಳ, ಕೆಳಗೆ ಕಗ್ಗತ್ತಲೆ. ನಾರ್ವಾಲ್ 1,500 ಮೀಟರ್‌ಗಿಂತ ಆಳಕ್ಕೆ ಇಳಿದು ಮೀನು ಹಿಡಿಯುತ್ತದೆ. ಟಿಕ್ ಟಿಕ್ ಅಂತ ಸದ್ದು ಬಿಟ್ಟು, ಮರಳಿ ಬರುವ ಪ್ರತಿಧ್ವನಿಯಿಂದ ಮೀನು ಎಲ್ಲಿ, ಐಸಿನಲ್ಲಿ ಉಸಿರಾಡುವ ಬಿರುಕು ಎಲ್ಲಿ ಅಂತ ಗುರುತಿಸುತ್ತದೆ. ಅದಕ್ಕೆ ಗಲಾಟೆ ಅಂದರೆ ನಮಗೆ ಚಾರ್ಮಾಡಿ ಘಾಟಿಯ ಮಂಜು ಇದ್ದ ಹಾಗೆ. ಒಗ್ಗಿಕೊಂಡೆ ಅಂತ ಗಾಡಿ ಜೋರಾಗಿ ಬಿಡಲು ಆಗ್ತದಾ?

ಇನ್ನು ಬೋಹೆಡ್‌ನ ಹಾಡು. ಗ್ರೀನ್‌ಲ್ಯಾಂಡ್ ಮತ್ತು ಸ್ವಾಲ್‌ಬಾರ್ಡ್ ನಡುವೆ ಫ್ರಾಮ್ ಜಲಸಂಧಿ ಅಂತ ಉಂಟು. ಅಲ್ಲಿ ನೀರಿಗೆ ಮೈಕ್ ಇಳಿಸಿ ಇಟ್ಟಿದ್ದರು. ಕೇಟ್ ಸ್ಟಾಫರ್ಡ್ ಮತ್ತು ಜೊತೆಯವರು 2018ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಮೂರು ವರ್ಷಕ್ಕೆ 184 ಬೇರೆ ಬೇರೆ ಹಾಡು! ಒಂದು ವರ್ಷದ ಹಾಡು ಮುಂದಿನ ವರ್ಷ ಇಲ್ಲ. ನವೆಂಬರ್‌ನಲ್ಲಿ ಶುರುವಾಗಿ ಏಪ್ರಿಲ್‌ವರೆಗೆ, ಆ ಉದ್ದ ಕತ್ತಲೆಯಲ್ಲಿ ಹಗಲು ರಾತ್ರಿ ಹಾಡುತ್ತವೆ. ನಮ್ಮ ಯಕ್ಷಗಾನ ಮೇಳಗಳ ತಿರುಗಾಟದ ಸೀಸನ್ನೇ ನೋಡಿ. ಪತ್ತನಾಜೆಗೆ (ಮೇ ಕೊನೆಗೆ ಮೇಳ ಮುಗಿಯುವ ದಿನ) ಸ್ವಲ್ಪ ಮೊದಲೇ ಗೆಜ್ಜೆ ಬಿಚ್ಚುತ್ತವೆ, ಅಷ್ಟೆ.

ಮಲ್ಪೆ ತಾಂಡೇಲ · ಜೂನ್ 15, ಬೆಳಿಗ್ಗೆ 8:05

184 ಪ್ರಸಂಗ! ಭಾಗವತರಿಗೇ ಕಷ್ಟ ಅಕ್ಕ 😄

ಸುರತ್ಕಲ್ ಲ್ಯಾಬ್ · ಜೂನ್ 15, ಮಧ್ಯಾಹ್ನ 1:20

ಶಬ್ದದ ಬಗ್ಗೆ ಎರಡು ಮಾತು.

ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಗಾಳಿಯಲ್ಲಿ 340. ನೀರು ತಣ್ಣಗಿದ್ದಷ್ಟೂ ವೇಗ ಕಡಿಮೆ. ಶಬ್ದಕ್ಕೊಂದು ಚಟ ಉಂಟು, ವೇಗ ಕಡಿಮೆ ಇರುವ ಕಡೆಗೆ ಬಾಗುತ್ತದೆ. ನಮ್ಮ ಅರಬ್ಬಿ ಸಮುದ್ರದಲ್ಲಿ ಮೇಲಿನ ನೀರು ಬಿಸಿ, ಹಾಗಾಗಿ ಶಬ್ದ ಕೆಳಗೆ ಬಾಗಿ ಹೋಗುತ್ತದೆ. ಆರ್ಕ್ಟಿಕ್‌ನಲ್ಲಿ ಎಲ್ಲಕ್ಕಿಂತ ತಣ್ಣಗಿನ ನೀರು ಇರುವುದೇ ಮೇಲೆ. ಅಲ್ಲಿ ಶಬ್ದ ಮೇಲಕ್ಕೆ ಬಾಗಿ, ಐಸಿನ ಅಡಿಗೆ ಬಡಿದು, ಕೆಳಗೆ ಬಂದು, ಮತ್ತೆ ಮೇಲಕ್ಕೆ. ಐಸಿನ ಅಡಿ ಅಂದರೆ ನುಣ್ಣಗಿನ ಸಿಮೆಂಟ್ ಸೀಲಿಂಗ್ ಅಲ್ಲ, ಏರುತಗ್ಗು. ಪ್ರತಿ ಬಡಿತಕ್ಕೂ ಸ್ವಲ್ಪ ಶಬ್ದ ಚದುರಿ ಸಾಯುತ್ತದೆ. ಗಾಳಿಗೆ ಅಲೆ ಏಳಲೂ ಐಸ್ ಬಿಡುವುದಿಲ್ಲ. ಐಸ್ ತಾನೇ ಬಿರಿಯುವಾಗ ಸದ್ದು ಮಾಡುತ್ತದೆ ನಿಜ. ಆದರೆ ಅದು ಗಟ್ಟಿಯಾಗಿ ನಿಂತ ಚಳಿಗಾಲದಲ್ಲಿ ಅಲ್ಲಿಯ ಸಮುದ್ರ ಭೂಮಿಯ ಅತಿ ನಿಶ್ಶಬ್ದ ಸಮುದ್ರಗಳಲ್ಲಿ ಒಂದು.

ಐಸ್ ಹೋದರೆ? ಅಲೆ ಬಂತು. ಶಬ್ದ ನುಂಗುವ ಸೀಲಿಂಗ್ ಹೋಯ್ತು. ಬಾಗಿಲು ತೆರೆದದ್ದರಿಂದ ಹಡಗೂ ಬಂತು. 1980ರ ದಶಕದಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ, ಅಂದರೆ ಐಸ್ ಅತಿ ಕಡಿಮೆ ಇರುವಾಗಲೂ, ಸುಮಾರು 70 ಲಕ್ಷ ಚದರ ಕಿಲೋಮೀಟರ್ ಉಳಿಯುತ್ತಿತ್ತು. 2012ರ ಸೆಪ್ಟೆಂಬರ್‌ನಲ್ಲಿ 34 ಲಕ್ಷಕ್ಕೆ ಇಳಿಯಿತು. ಹೆಚ್ಚು ಕಡಿಮೆ ಭಾರತದಷ್ಟು. 1979ರಿಂದ ಈಚೆಗೆ ಆ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. ಆರ್ಕ್ಟಿಕ್ ದೇಶಗಳ ಕೂಟವಾದ ಆರ್ಕ್ಟಿಕ್ ಕೌನ್ಸಿಲ್ ಲೆಕ್ಕದಂತೆ ಅಲ್ಲಿಗೆ ಹೋಗುವ ಹಡಗುಗಳ ಸಂಖ್ಯೆ 2013ರಿಂದ 2023ರೊಳಗೆ ಶೇ. 37 ಏರಿದೆ.

ಇನ್ನೊಂದು. "ತಿಮಿಂಗಿಲ 190 ಡೆಸಿಬೆಲ್ ಕೂಗುತ್ತದೆ, ಜೆಟ್ ವಿಮಾನಕ್ಕಿಂತ ಜೋರು" ಅಂತ ವಾಟ್ಸಾಪಿನಲ್ಲಿ ಬಂದರೆ ನಂಬಬೇಡಿ. ನೀರಿನ ಡೆಸಿಬೆಲ್ ಬೇರೆ ಅಳತೆಗೋಲು. ಗಾಳಿಯ ಲೆಕ್ಕಕ್ಕೆ ತರಲು ಸುಮಾರು 62 ಕಳೆಯಬೇಕು. ಸೇರು, ಕಿಲೋ ಎರಡನ್ನೂ ಒಂದೇ ಅಂದ ಹಾಗಾಗ್ತದೆ.

ಟೀಚರ್ ಬ್ರಹ್ಮಾವರ · ಜೂನ್ 15, ಸಂಜೆ 6:10

ನಾಳೆ ಕ್ಲಾಸಿನಲ್ಲಿ ಇದನ್ನೇ ಹೇಳುತ್ತೇನೆ. ಒಂದು ಸಂಶಯ. ತಿಮಿಂಗಿಲಕ್ಕೆ ತೊಂದರೆ ಆಗಿದೆ ಅಂತ ಹೇಗೆ ಗೊತ್ತಾಗುವುದು? ಅದು ಹೇಳುವುದಿಲ್ಲ, ನಾವು ಅದರ ಬಿಪಿ ನೋಡುವ ಹಾಗಿಲ್ಲ. ಮಕ್ಕಳು ಮೊದಲು ಕೇಳುವುದೇ ಇದನ್ನು.

ಎಕ್ಕೂರು ಬ್ಯಾಚ್ · ಜೂನ್ 15, ರಾತ್ರಿ 8:45

ಟೀಚರ್, ಬಿಪಿ ನೋಡಲು ಆಗಲಿಲ್ಲ, ಸಗಣಿ ನೋಡಿದರು! ಮಕ್ಕಳಿಗೆ ಖಂಡಿತ ಇಷ್ಟ ಆಗ್ತದೆ.

ಕೆನಡಾದ ಫಂಡಿ ಕೊಲ್ಲಿಯಲ್ಲಿ ರೈಟ್ ತಿಮಿಂಗಿಲಗಳು ಉಂಟು. ಬೋಹೆಡ್‌ನ ಹತ್ತಿರದ ಸಂಬಂಧಿ. ಅವುಗಳ ಮಲ ನೀರಿನ ಮೇಲೆ ಸ್ವಲ್ಪ ಹೊತ್ತು ತೇಲುತ್ತದೆ. ಅದನ್ನು ಹುಡುಕಲು ತರಬೇತಿ ಕೊಟ್ಟ ನಾಯಿಯನ್ನು ಬೋಟಿನ ಮುಂದೆ ನಿಲ್ಲಿಸುತ್ತಾರೆ. ನಾಯಿ ಮೂಗು ತಿರುಗಿಸಿದ ಕಡೆ ಬೋಟು ತಿರುಗಬೇಕು. ಸಿಕ್ಕಿದ್ದನ್ನು ಬಾಚಿ ತೆಗೆದು ಅದರಲ್ಲಿ ಸ್ಟ್ರೆಸ್ ಹಾರ್ಮೋನ್ ಎಷ್ಟು ಅಂತ ಅಳೆಯುತ್ತಾರೆ. 2001ರಲ್ಲೂ ಇದೇ ಕೆಲಸ ನಡೆಯುತ್ತಿತ್ತು. ಸೆಪ್ಟೆಂಬರ್ 11ರ ದಾಳಿ ಆಯ್ತು. ಕೆಲವು ದಿನ ಹಡಗು ಸಂಚಾರ ತುಂಬಾ ಇಳಿಯಿತು. ನೀರಿನ ಗದ್ದಲ 6 ಡೆಸಿಬೆಲ್ ಕಡಿಮೆ. ಸಗಣಿಯಲ್ಲಿ ಸ್ಟ್ರೆಸ್ ಹಾರ್ಮೋನೂ ಇಳಿದಿತ್ತು. ರೊಸಾಲಿಂಡ್ ರೋಲಂಡ್ ಅವರ ತಂಡ 2012ರಲ್ಲಿ ಇದನ್ನು ಪ್ರಕಟಿಸಿತು. ಬೇಕು ಅಂದರೂ ಯಾರೂ ಮಾಡಲಾಗದ ಪ್ರಯೋಗ, ಅಲ್ವಾ?

ಆರ್ಕ್ಟಿಕ್‌ನ ವಿಷಯಕ್ಕೆ ಬರುತ್ತೇನೆ. 1980ರ ದಶಕದಲ್ಲಿ ಕೆನಡಾದ ಲ್ಯಾಂಕಾಸ್ಟರ್ ಸೌಂಡ್ ಎಂಬ ಜಲಸಂಧಿಯಲ್ಲಿ ಐಸ್ ಒಡೆಯುವ ಹಡಗು ಬರುವಾಗ ನೋಡಿದ್ದಾರೆ. ಹಡಗು ಇನ್ನೂ 35ರಿಂದ 50 ಕಿಲೋಮೀಟರ್ ದೂರದಲ್ಲಿ ಇರುವಾಗಲೇ ಬೆಲುಗಾಗಳು ಓಡಲು ಶುರು. ಇಲ್ಲಿಯ ಲೆಕ್ಕದಲ್ಲಿ, ಹಡಗು ಮಂಗಳೂರಿನಲ್ಲಿ, ಬೆಲುಗಾ ಉಡುಪಿಯಿಂದ ಓಡುತ್ತಿದೆ. ನಾರ್ವಾಲ್ ಓಡಲಿಲ್ಲ. ಸದ್ದು ನಿಲ್ಲಿಸಿ, ಅಲ್ಲಾಡದೆ ನಿಂತವು.

ನಾರ್ವಾಲ್ ಹೆದರಿದರೆ ಏನಾಗುತ್ತದೆ ಅಂತ 2017ರಲ್ಲಿ ಟೆರಿ ವಿಲಿಯಮ್ಸ್ ಅವರ ತಂಡ ಅಳೆದಿದೆ. ಬಲೆಗೆ ಸಿಕ್ಕವನ್ನು ಬಿಡಿಸಿ, ಬೆನ್ನಿಗೆ ಹೃದಯ ಬಡಿತದ ಯಂತ್ರ ಅಂಟಿಸಿ ಬಿಟ್ಟರು. ನಾವು ಹೆದರಿ ಓಡಿದರೆ ಎದೆ ಡಬಡಬ ಹೊಡೆದುಕೊಳ್ಳುತ್ತದೆ. ಅವುಗಳ ಎದೆ ನಿಮಿಷಕ್ಕೆ ಮೂರು ನಾಲ್ಕು ಬಡಿತಕ್ಕೆ ಇಳಿದಿತ್ತು. ಬಾಲ ಮಾತ್ರ ಜೋರಾಗಿ ಬಡಿಯುತ್ತಿತ್ತು. ಒಂದು ಬಡಿತಕ್ಕೂ ಇನ್ನೊಂದಕ್ಕೂ ಹದಿನೈದು ಇಪ್ಪತ್ತು ಸೆಕೆಂಡ್. ಅಷ್ಟು ಹೊತ್ತು ಮಿದುಳಿಗೆ ರಕ್ತ?

ರಥಬೀದಿಯವ · ಜೂನ್ 15, ರಾತ್ರಿ 9:30

ಆಯ್ತಮ್ಮ, ಒಗ್ಗಿಕೊಳ್ಳುವ ಮಾತು ಹಿಂದೆ ತೆಗೊಂಡೆ. ಆದ್ರೆ ಮೊದಲ ಪ್ರಶ್ನೆ ಹಾಗೇ ಉಳಿಯಿತು. ನಾನೂ ಸ್ವಲ್ಪ ಓದಿದೆ. ಅಲಾಸ್ಕಾ ಕಡೆಯ ಬೋಹೆಡ್ ಜಾಸ್ತಿ ಆಗಿವೆಯಂತೆ. ಮತ್ತೆ ಎಂತ ತೊಂದರೆ?

ಎಕ್ಕೂರು ಬ್ಯಾಚ್ · ಜೂನ್ 15, ರಾತ್ರಿ 10:20

ಸರಿಯಾಗಿ ಹಿಡಿದಿರಿ ಸರ್. ನಿಜ. 1848ರಿಂದ ಬೇಟೆ ಹಡಗುಗಳು ಆ ಕಡೆ ಹೋಗಿ ಬೋಹೆಡ್‌ಗಳನ್ನು ಮುಗಿಸುವುದೊಂದೇ ಬಾಕಿ ಇಟ್ಟಿದ್ದವು. ಆ ವ್ಯಾಪಾರದ ಬೇಟೆ ನಿಂತ ಮೇಲೆ ನಿಧಾನಕ್ಕೆ ಚೇತರಿಸಿ 2011ರಲ್ಲಿ ಸುಮಾರು 16,800 ಇದ್ದವು. ಐಸ್ ಕಡಿಮೆ ಇದ್ದ ವರ್ಷ ಅವು ದಪ್ಪ ಆಗಿದ್ದೂ ಕಂಡಿದೆ. ತೆರೆದ ನೀರಿಗೆ ಬಿಸಿಲು ಬಿದ್ದು ಪಾಚಿ ಜಾಸ್ತಿ, ಪಾಚಿ ತಿನ್ನುವ ಸೀಗಡಿಯಂಥ ಸಣ್ಣ ಜೀವಿ ಜಾಸ್ತಿ, ಅದನ್ನು ಸೋಸಿ ತಿನ್ನುವ ಬೋಹೆಡ್‌ಗೆ ಊಟ ಜಾಸ್ತಿ. ಬಿಸಿಯಾದರೆ ಎಲ್ಲವೂ ಸಾಯ್ತವೆ ಅಂತ ನಾನೂ ಹೇಳುವುದಿಲ್ಲ.

ಆದರೆ ಅದೇ ನೀರಿಗೆ ಬೇಸಿಗೆಯಲ್ಲಿ ಬರುವ ಗ್ರೇ ತಿಮಿಂಗಿಲ ನೋಡಿ. ಅದು ತಳದ ಕೆಸರು ಹೀರಿ ಅದರಲ್ಲಿರುವ ಹುಳದಂಥ ಜೀವಿ ತಿನ್ನುತ್ತದೆ. ಆ ಕೆಸರಿಗೆ ಮೇವು ಬರುವುದು ಐಸಿಗೆ ಅಂಟಿ ಬೆಳೆಯುವ ಪಾಚಿ ಕೆಳಗೆ ಉದುರಿ. ಐಸ್ ಇಲ್ಲ, ಉದುರುವುದೂ ಇಲ್ಲ. 2016ರಲ್ಲಿ ಸುಮಾರು 27,000 ಇದ್ದದ್ದು 2023ಕ್ಕೆ 15,000ದ ಒಳಗೆ. ಮೆಕ್ಸಿಕೋದಿಂದ ಅಲಾಸ್ಕಾವರೆಗೆ ದಡಕ್ಕೆ ಬಿದ್ದ ಹೆಣಗಳು ಎಷ್ಟೋ ಬಡಕಲಾಗಿದ್ದವು.

ಮತ್ತೆ ಓರ್ಕಾ, ಬೇರೆ ತಿಮಿಂಗಿಲಗಳನ್ನೂ ಬೇಟೆಯಾಡುವ ಕಿಲ್ಲರ್ ವೇಲ್. ಅದಕ್ಕೆ ಬೆನ್ನ ಮೇಲೆ ಆಳೆತ್ತರದ ರೆಕ್ಕೆ. ಐಸ್ ಇರುವಲ್ಲಿಗೆ ಬರಲು ಕಷ್ಟ. ಈಗ ದಾರಿ ಬಿಟ್ಟಿದೆ. ಹಿಂದೆ ಕಾಣದ ಜಾಗಗಳಲ್ಲಿ ಬಂದು ನಾರ್ವಾಲ್, ಬೋಹೆಡ್ ಮರಿಗಳನ್ನು ಹಿಡಿಯುತ್ತಿದೆ. ಓರ್ಕಾ ಬಂದರೆ ನಾರ್ವಾಲ್ ಮಾಡುವುದೂ ಅದೇ. ದಡಕ್ಕೆ ಒತ್ತಿಕೊಂಡು ಸುಮ್ಮನಾಗುವುದು. ಹಡಗಿಗೂ ಅದೇ ಹೆದರಿಕೆ, ಓರ್ಕಾಕ್ಕೂ ಅದೇ ಹೆದರಿಕೆ. ಹಡಗಿನ ಗದ್ದಲದಲ್ಲಿ ಓರ್ಕಾ ಬಂದದ್ದು ಕೇಳದೆ ಹೋದರೆ ಎಂಬುದು ನನ್ನ ತಲೆಯಲ್ಲಿ ಕೊರೆಯುವ ಪ್ರಶ್ನೆ.

ಸುರತ್ಕಲ್ ಲ್ಯಾಬ್ · ಜೂನ್ 16, ಬೆಳಿಗ್ಗೆ 11:00

ತೈಲ ಹುಡುಕುವ ಏರ್‌ಗನ್ ಬಿಟ್ಟುಹೋಯಿತು. ಹಡಗಿನ ಹಿಂದೆ ಎಳೆದುಕೊಂಡು ಹೋಗಿ ಹತ್ತು ಹದಿನೈದು ಸೆಕೆಂಡಿಗೊಮ್ಮೆ ಒತ್ತಿದ ಗಾಳಿ ಬಿಡುತ್ತಾರೆ. ಢಂ. ಢಂ. ವಾರಗಟ್ಟಲೆ. ಅಲಾಸ್ಕಾದ ಬ್ಯೂಫೋರ್ಟ್ ಸಮುದ್ರದಲ್ಲಿ ಸುಸಾನಾ ಬ್ಲ್ಯಾಕ್‌ವೆಲ್ ತಂಡ ನೋಡಿದ್ದು ವಿಚಿತ್ರ. ಏರ್‌ಗನ್ ಸದ್ದು ಸಣ್ಣಗೆ ಕೇಳಲು ಶುರುವಾದಾಗ ಬೋಹೆಡ್‌ಗಳು ಮೊದಲಿಗಿಂತ ಜಾಸ್ತಿ ಕೂಗುತ್ತವೆ. ಸದ್ದು ಏರುತ್ತಾ ಒಂದು ಮಿತಿ ದಾಟಿದರೆ ಕೂಗು ಇಳಿಯುತ್ತದೆ. ಆಮೇಲೆ ಪೂರ್ತಿ ಬಂದ್.

ಮೆಹಂದಿ ಮನೆಯ ಡಿಜೆ ನೆನಪಾಯ್ತು. ಮೊದಲು ಪಕ್ಕದವರ ಕಿವಿಗೆ ಕಿರುಚಿ ಮಾತಾಡುತ್ತೇವೆ. ಆಮೇಲೆ ತಲೆ ಆಡಿಸುವುದು. ಆಮೇಲೆ ಊಟದ ತಟ್ಟೆ ನೋಡಿಕೊಂಡು ಕೂತುಕೊಳ್ಳುವುದು.

ಇಂಜಿನ್‌ರೂಮ್ ಉದ್ಯಾವರ · ಜೂನ್ 16, ರಾತ್ರಿ 9:15

ಎರಡು ದಿನದಿಂದ ಓದ್ತಾ ಇದ್ದೇನೆ. ನನ್ನ ಜೊತೆ ಕೆಲಸ ಮಾಡಿದ ಒಬ್ಬರು ಕೆನಡಾದ ಬ್ಯಾಫಿನ್ ದ್ವೀಪಕ್ಕೆ ಅದಿರು ತುಂಬಲು ಹೋಗಿದ್ದರು. ಅವರ ಹತ್ತಿರ ಫೋನಲ್ಲಿ ಮಾತಾಡಿದೆ. ಮೇರಿ ರಿವರ್ ಅಂತ ಕಬ್ಬಿಣದ ಗಣಿ. ಬೇಸಿಗೆಯಲ್ಲಿ ಐಸ್ ಬಿಟ್ಟ ಕೂಡಲೇ ಮಿಲ್ನ್ ಇನ್ಲೆಟ್ ಎಂಬ ಇಕ್ಕಟ್ಟಿನ ಕೊಲ್ಲಿಯಿಂದ ಅದಿರು ಹೊರಡುತ್ತದೆ. ಪಣಂಬೂರಿನಲ್ಲಿ ಕುದುರೆಮುಖದ ಅದಿರು ಹಡಗುಗಳನ್ನು ನೋಡಿ ಬೆಳೆದ ನಮಗೆ ಇದು ಪರಿಚಯದ ಚಿತ್ರ. ವ್ಯತ್ಯಾಸ ಏನೆಂದರೆ, ಆ ಕೊಲ್ಲಿ ನಾರ್ವಾಲ್‌ಗಳು ಬೇಸಿಗೆಗೆ ಮರಿ ಕಟ್ಟಿಕೊಂಡು ಬರುವ ಜಾಗ. ಅಲ್ಲಿ ಹಡಗಿನ ವೇಗ 9 ನಾಟ್ (ಗಂಟೆಗೆ ಸುಮಾರು 17 ಕಿ.ಮೀ.) ಮೀರಬಾರದು. ಗಣಿಯವರು ವರ್ಷಕ್ಕೆ 60 ಲಕ್ಷ ಟನ್ನನ್ನು 120 ಲಕ್ಷ ಮಾಡುತ್ತೇವೆ ಅಂದರು. ಹತ್ತಿರದ ಊರು ಪಾಂಡ್ ಇನ್ಲೆಟ್‌ನ ಇನ್ಯುಟ್ (ಅಲ್ಲಿಯ ಮೂಲನಿವಾಸಿ) ಬೇಟೆಗಾರರು, ಈಗಲೇ ನಾರ್ವಾಲ್ ಕಡಿಮೆಯಾಗಿವೆ, ಆಗುವುದಿಲ್ಲ ಅಂದರು. 2022ರ ನವೆಂಬರ್‌ನಲ್ಲಿ ಕೆನಡಾ ಸರ್ಕಾರ ಗಣಿಯ ಅರ್ಜಿ ತಿರಸ್ಕರಿಸಿತು.

ಈ ನಾಟ್ ವಿಷಯ ನನ್ನ ಕಸುಬು, ಹೇಳುತ್ತೇನೆ. ವೇಗ ಶೇ. 10 ಇಳಿಸಿದರೆ ಇಂಜಿನ್ನಿಗೆ ಬೇಕಾದ ಶಕ್ತಿ ಸುಮಾರು ಶೇ. 27 ಇಳಿಯುತ್ತದೆ. ಡೀಸೆಲ್ ಉಳಿತಾಯ, ಹೊಗೆ ಕಡಿಮೆ. ಬ್ಲೇಡಿನ ಮೇಲೆ ಗುಳ್ಳೆ ಏಳುವುದೂ ಕಡಿಮೆ, ಅಂದರೆ ಗಲಾಟೆ ಕಡಿಮೆ. ಹೊಸ ಯಂತ್ರ ಬೇಡ. ಬ್ರಿಡ್ಜಿನಿಂದ (ಹಡಗು ನಡೆಸುವ ಕೋಣೆ) ಒಂದು ಫೋನು ಬಂದರೆ ಸಾಕು. ಎಣ್ಣೆ ಚೆಲ್ಲಿದರೆ ವರ್ಷಗಟ್ಟಲೆ ಉಳಿಯುತ್ತದೆ. ಶಬ್ದ ಹಾಗಲ್ಲ, ಇಂಜಿನ್ ನಿಲ್ಲಿಸಿದ ಕ್ಷಣಕ್ಕೆ ಹೋಯ್ತು.

ನಿಯಮ ಮಾತ್ರ ಕೇಳಬೇಡಿ. ಐಎಂಒ (ಹಡಗು ಸಂಚಾರಕ್ಕೆ ನಿಯಮ ಮಾಡುವ ವಿಶ್ವಸಂಸ್ಥೆಯ ಸಂಸ್ಥೆ) 2014ರಲ್ಲಿ ನೀರಿನೊಳಗಿನ ಶಬ್ದಕ್ಕೆ ಮಾರ್ಗಸೂಚಿ ಕೊಟ್ಟಿತು, 2023ರಲ್ಲಿ ತಿದ್ದಿತು. ಕಡ್ಡಾಯ ಅಲ್ಲ. ಧ್ರುವ ಸಮುದ್ರಗಳ ಪೋಲಾರ್ ಕೋಡ್‌ನಲ್ಲಿ ಐಸಿಗೆ ಹಡಗಿನ ತಗಡು ಎಷ್ಟು ಗಟ್ಟಿ ಇರಬೇಕು ಅಂತ ಉಂಟು, ಶಬ್ದಕ್ಕೆ ಮಿತಿ ಇಲ್ಲ. ನನ್ನ ಏಳು ತಿಂಗಳ ಬಾಗಿದ ಬ್ಲೇಡು ಯಾವ ಬಂದರಿನಲ್ಲೂ ಯಾರ ಕಣ್ಣಿಗೂ ಬೀಳಲಿಲ್ಲ. ಕಾಗದ ಎಲ್ಲ ಸರಿ ಇತ್ತು.

ಟೀಚರ್ ಬ್ರಹ್ಮಾವರ · ಜೂನ್ 17, ಸಂಜೆ 5:40

ಇವತ್ತು ನಾಯಿ ಮತ್ತು ಸಗಣಿ ಕಥೆ ಹೇಳಿದೆ. ಇನ್ನು ಇಡೀ ವರ್ಷ ಬೇರೆ ಪಾಠ ಬೇಡ ಅಂತಾರೆ. ಒಬ್ಬ ಹುಡುಗ ಕೇಳಿದ, "ನಮ್ಮ ಸಮುದ್ರದಲ್ಲಿ ತಿಮಿಂಗಿಲ ಇಲ್ವಾ ಮಿಸ್?"

ಎಕ್ಕೂರು ಬ್ಯಾಚ್ · ಜೂನ್ 17, ಸಂಜೆ 7:25

ಉಂಟು ಅಂತ ಹೇಳಿ. ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್. ಬೇರೆ ಹಂಪ್‌ಬ್ಯಾಕ್‌ಗಳೆಲ್ಲ ಧ್ರುವದ ಕಡೆ ಹೋಗಿ ತಿಂದು ಬರುತ್ತವೆ, ಇವು ಇಲ್ಲೇ ಇರುತ್ತವೆ. ಒಮಾನ್ ಕಡೆ ನೂರಕ್ಕಿಂತ ಕಡಿಮೆ ಅಂತ ಅಂದಾಜು. 2017ರ ಕೊನೆಗೆ ಅಲ್ಲಿ ಒಂದು ಹೆಣ್ಣಿಗೆ ಸ್ಯಾಟಲೈಟ್ ಟ್ಯಾಗ್ ಹಾಕಿದರು. ಹೆಸರು ಲುಬಾನ್. ನಮ್ಮ ಲೋಬಾನ ಉಂಟಲ್ಲ, ಧೂಪ, ಅದೇ ಶಬ್ದ. ಅವಳು ಸಮುದ್ರ ದಾಟಿ ಗೋವಾ ಕಡೆ ಬಂದು, ಅಲ್ಲಿಂದ ಕನ್ಯಾಕುಮಾರಿವರೆಗೆ ಇಳಿದಳು. ದಾರಿಯಲ್ಲಿ ಮಲ್ಪೆ, ಮಂಗಳೂರು ಸಿಗದೆ ಹೋಗಲು ಸಾಧ್ಯವೇ ಇಲ್ಲ. ತಾಂಡೇಲಣ್ಣ, ಆ ವರ್ಷ ನಿಮಗೇನಾದರೂ ಕಂಡಿತ್ತಾ?

ಮಲ್ಪೆ ತಾಂಡೇಲ · ಜೂನ್ 17, ರಾತ್ರಿ 10:30

ಆ ವರ್ಷ ಅಂತ ಹೇಳಲು ಗೊತ್ತಿಲ್ಲ ಅಕ್ಕ. ತಿಮಿಂಗಿಲ ಕಂಡದ್ದು ಉಂಟು, ಆಳಸಮುದ್ರದಲ್ಲಿ. ನೀರು ಪುಸ್ ಅಂತ ಮೇಲೆ ಹಾರ್ತದೆ. ಹತ್ತಿರ ಹೋದರೆ ಕೆಟ್ಟ ವಾಸನೆ. ಇಂಜಿನ್ ಸ್ಲೋ ಮಾಡಿ ಕೈ ಮುಗಿದು ಬರುವವರು ನಮ್ಮವರು. ಬಲೆಗೆ ಬಿದ್ದರೆ ಬಲೆ ಹೋಯ್ತು, ಅದೂ ಒಂದು ಕಾರಣ, ಸುಳ್ಳು ಹೇಳಬಾರದು.

ಇವತ್ತು ಒಂದು ಕೆಲಸ ಮಾಡಿದೆ. ಈಗ ರಜೆ ಅಲ್ವಾ, ಜುಲೈ 31ರವರೆಗೆ ಬೋಟುಗಳೆಲ್ಲ ಕಟ್ಟಿವೆ. ಮಳೆ ಸ್ವಲ್ಪ ಬಿಟ್ಟಿತ್ತು. ತಮ್ಮನ ಸಣ್ಣ ದೋಣಿ ತೆಗೆದುಕೊಂಡು ಹೊಳೆಯಲ್ಲಿ ಅಳಿವೆ ಹತ್ತಿರದವರೆಗೆ ಹೋದೆ. ಹುಟ್ಟು ಒಳಗಿಟ್ಟು ತಳಕ್ಕೆ ಕಿವಿ ಇಟ್ಟು ಮಲಗಿದೆ. ನಲವತ್ತು ವರ್ಷದ ಮೇಲೆ. ಸೊಂಟ ಹಿಡಿಯಿತು. ತಮ್ಮ ನಗಾಡಿದ.

ಮೊದಲು ಎಂತದೂ ಇಲ್ಲ, ನೀರು ತಾಗುವ ಸದ್ದು. ಮತ್ತೆ ಚಟಚಟ, ಚಟಚಟ. ಎಣ್ಣೆಗೆ ಸಾಸಿವೆ ಹಾಕಿದ ಹಾಗೆ, ನಿಲ್ಲುವುದೇ ಇಲ್ಲ. ಇದು ಎಂತದು?

ಎಕ್ಕೂರು ಬ್ಯಾಚ್ · ಜೂನ್ 17, ರಾತ್ರಿ 10:41

ಸೀಗಡಿ ಅಣ್ಣ! ಕಲ್ಲಿನ ಸಂದಿಯಲ್ಲಿ ಇರುವ ಬೆರಳುದ್ದದ ಜಾತಿ. ಏಡಿಯದ್ದರಂಥ ಒಂದು ಇಕ್ಕಳ ದೊಡ್ಡದು, ಅದನ್ನು ಟಪ್ ಅಂತ ಮುಚ್ಚಿದಾಗ ಗುಳ್ಳೆ ಎದ್ದು ಒಡೆಯುತ್ತದೆ. ಇಂಜಿನ್‌ರೂಮ್ ಅಣ್ಣನ ಪ್ರೊಪೆಲ್ಲರ್ ಗುಳ್ಳೆಯೇ, ಸೈಜ್ ಸಣ್ಣದು.

ಇಂಜಿನ್‌ರೂಮ್ ಉದ್ಯಾವರ · ಜೂನ್ 17, ರಾತ್ರಿ 10:50

ಸೀಗಡಿಗೆ ಡ್ರೈಡಾಕ್ ಬೇಡ, ಪುಣ್ಯ. ಬೇರೆ ಎಂತ ಕೇಳಿತು ಅಣ್ಣ?

ಮಲ್ಪೆ ತಾಂಡೇಲ · ಜೂನ್ 17, ರಾತ್ರಿ 11:02

ಒಂದು ಔಟ್‌ಬೋರ್ಡ್ ಇಂಜಿನ್. ಶುರುವಾದ ಕೂಡಲೇ ಸೀಗಡಿ ಸದ್ದು ಅಡಗಿಯೇ ಹೋಯ್ತು, ಬರೀ ಗುಂಯ್. ಯಾವ ಕಡೆಯಿಂದ ಅಂತ ಗೊತ್ತಾಗಲಿಲ್ಲ. ಎದ್ದು ನಾಲ್ಕೂ ದಿಕ್ಕು ನೋಡಿದೆ, ದೋಣಿ ಕಾಣುವುದಿಲ್ಲ. ತಿರುವಿನ ಆಚೆ ಇರಬೇಕು. ಅದು ನಿಲ್ಲುವವರೆಗೆ ಕಾದೆ. ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಚಟಚಟ.

ನಿಮ್ಮ ಅಕ್ಕನ ಮಗಳನ್ನು ಭಾನುವಾರ ಕರ್ಕೊಂಡು ಬನ್ನಿ. ಮಳೆ ಇಲ್ಲದಿದ್ದರೆ ಹೋಗುವ. ಹಳೆ ಬಟ್ಟೆ ಹಾಕಿ ಬರಲಿ, ದೋಣಿ ತಳದಲ್ಲಿ ಮೀನು ವಾಸನೆ ಉಂಟು.